ಮೊದಲ ಸಂಚಿಕೆಯ ಮುಂದೆ ವಿಮರ್ಶಕ

ಮುಗಿಯದ ಕೃತಿಯನ್ನು ವಿಮರ್ಶಿಸಬಹುದೇ? ನಮ್ಮಲ್ಲಿ ಸಾಹಿತ್ಯವನ್ನು ಓದಿದವರೂ ಓದಿಸಿದವರೂ ಈ ಪ್ರಶ್ನೆಯನ್ನು ಕೇಳಿಕೊಂಡದ್ದು ಕಡಿಮೆ. ನಮ್ಮ ಕೈಗೆ ಬಂದ ಕಾವ್ಯಗಳೆಲ್ಲ ಬಹುಮಟ್ಟಿಗೆ ಮುಗಿದ ಕಾವ್ಯಗಳು. ಪಂಪಭಾರತದ ಹದಿನಾಲ್ಕು ಆಶ್ವಾಸಗಳೂ ನಮ್ಮ ಮೇಜಿನ ಮೇಲೆ ಇವೆ. ಮೊದಲನೆಯದನ್ನು ಓದುವಾಗಲೇ ಕೊನೆಯದು ಎಲ್ಲಿ ನಿಲ್ಲುತ್ತದೆಂದು ಗೊತ್ತು. ಆದರೆ ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ತಿಂಗಳಿಗೊಂದರಂತೆ, ವಾರಕ್ಕೊಂದರಂತೆ ಹೊರಬರುವ ಚಿತ್ರಕಥೆಗಳ, ಎಂದರೆ ಕಾಮಿಕ್ಸುಗಳ ವಿಮರ್ಶಕನಿಗೆ ಈ ಸೌಕರ್ಯವಿಲ್ಲ. ಅವನ ಕೈಯಲ್ಲಿರುವುದು ಇಪ್ಪತ್ತು ಇಪ್ಪತ್ತೈದು ಪುಟಗಳ ಒಂದು ತೆಳು ಹೊತ್ತಗೆ. ಅದರ ಮುಖಪುಟದ ಮೇಲೆ ಒಂದು ಎಂಬ ಅಂಕಿ. ಮುಂದಿನದು ಇನ್ನೂ ಬರೆದವನ ತಲೆಯಲ್ಲಿದೆ. ಅಲ್ಲಿಯೂ ಇದೆಯೋ ಇಲ್ಲವೋ ಹೇಳಲಾಗದು. ಅಷ್ಟರಲ್ಲಿ ಅವನು ಒಳ್ಳೆಯದು, ಕೆಟ್ಟದ್ದು ಎಂದು ತೀರ್ಪು ಕೊಡಬೇಕು.

ಕನ್ನಡದ ಮೇಷ್ಟರಿಗೆ ಈ ಗೊಡವೆ ಏಕೆಂದು ಕೆಲವರು ಹುಬ್ಬೇರಿಸಿಯಾರು. ನಿವೃತ್ತಿಯಾದ ಮೇಲೆ ಓದಿನ ಕಟ್ಟುಪಾಡು ಸ್ವಲ್ಪ ಸಡಿಲವಾಯಿತು. ಮಗನ ಕಪಾಟಿನಲ್ಲಿ ಹಳೆಯ ಸಂಚಿಕೆಗಳ ಮರುಮುದ್ರಣಗಳು ಸಾಲಾಗಿ ಇದ್ದವು. ಓದತೊಡಗಿದೆ. ಮೊದಮೊದಲು ವಿನೋದಕ್ಕೆ ಓದಿದೆ. ಆಮೇಲೆ ಪೆನ್ಸಿಲ್ ಹಿಡಿದು ಓದಿದೆ. ಆಗ ನನಗೆ ಸ್ಪಷ್ಟವಾದ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸಬೇಕೆಂದಿದ್ದೇನೆ.

ಮೊದಲು ವ್ಯಾಪಾರದ ಮಾತು. ವಿಮರ್ಶೆಗೆ ವ್ಯಾಪಾರವೇಕೆ ಎನ್ನಬಾರದು. ಇಲ್ಲಿ ಅವೆರಡೂ ಹೆಣೆದುಕೊಂಡಿವೆ. 1970ರ ದಶಕದಿಂದೀಚೆಗೆ ಅಮೆರಿಕದಲ್ಲಿ ಕಾಮಿಕ್ಸಿಗೇ ಮೀಸಲಾದ ಅಂಗಡಿಗಳು ಬೆಳೆದವು. ಅಂಗಡಿಯವನು ಪ್ರತಿಗಳಿಗೆ ಎರಡು ಮೂರು ತಿಂಗಳು ಮುಂಚಿತವಾಗಿಯೇ ಬೇಡಿಕೆ ಸಲ್ಲಿಸಬೇಕು. ಮಾರಾಟವಾಗದೆ ಉಳಿದವನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ, ನಷ್ಟ ಅವನದೇ. ಆದ್ದರಿಂದ ಮೊದಲ ಸಂಚಿಕೆಯನ್ನು ಗಿರಾಕಿ ಇನ್ನೂ ಕಣ್ಣಿನಿಂದ ನೋಡಿರುವುದಿಲ್ಲ, ಅಷ್ಟರಲ್ಲಿ ಅಂಗಡಿಯವನು ಮೂರನೆಯದಕ್ಕೆ ಎಷ್ಟು ಪ್ರತಿ ಬೇಕೆಂದು ಬರೆದು ಕಳುಹಿಸಿರುತ್ತಾನೆ. ಹೆದರಿದವನು ಕಡಿಮೆ ಬರೆಯುತ್ತಾನೆ. ಬೇಡಿಕೆ ಕುಸಿದರೆ ಪ್ರಕಾಶಕ ಮಾಲೆಯನ್ನೇ ನಿಲ್ಲಿಸುತ್ತಾನೆ. ಹೀಗಿರಲಾಗಿ, ಆತುರ ಬೇಡ, ಆರು ಸಂಚಿಕೆ ಬರಲಿ, ಆಮೇಲೆ ಹೇಳೋಣ ಎಂದು ಕೂತ ವಿಮರ್ಶಕನಿಗೆ ಆರನೆಯ ಸಂಚಿಕೆ ಸಿಕ್ಕದೆಯೇ ಹೋಗಬಹುದು. ಆತುರಪಟ್ಟರೆ ಅನ್ಯಾಯವಾದೀತು, ತಾಳಿದರೆ ಕೃತಿಯೇ ಸತ್ತೀತು. ಆರಂಭದ ಸಂಚಿಕೆಗಳನ್ನು ವಿಮರ್ಶಿಸುವವನ ಇಕ್ಕಟ್ಟು ಇದು.

ಈ ಇಕ್ಕಟ್ಟಿಗೆ ನಮ್ಮ ನಾಟ್ಯಶಾಸ್ತ್ರದ ಪರಂಪರೆಯಲ್ಲಿ ಒಂದು ಅಳತೆಗೋಲು ಉಂಟೆಂದು ನನ್ನ ಅಭಿಪ್ರಾಯ. ನಾಟಕದ ಮೊದಲ ಭಾಗವಾದ ಮುಖಸಂಧಿಯಲ್ಲಿ ಬೀಜ ಇರಬೇಕೆಂದು ಲಾಕ್ಷಣಿಕರು ಹೇಳಿದರು. ಬೀಜ ಚಿಕ್ಕದು, ಆದರೆ ಮುಂದೆ ಬೆಳೆಯಬೇಕಾದದ್ದೆಲ್ಲ ಅದರೊಳಗೆ ಅಡಗಿರುತ್ತದೆ. ಬೀಜದ ಜೊತೆಗೆ ಬಿಂದು ಎಂಬುದೊಂದನ್ನು ಹೇಳಿದರು. ಕಥೆ ನಡುವೆ ಕಡಿದುಹೋಗುವ ಸ್ಥಳದಲ್ಲಿ ಅದನ್ನು ಮತ್ತೆ ಜೋಡಿಸಿ ಮುಂದಕ್ಕೆ ಎಳೆಯುವ ಅಂಶ ಅದು. ನೀರಿನ ಮೇಲೆ ಬಿದ್ದ ಎಣ್ಣೆಯ ಹನಿಯಂತೆ ಹರಡಿಕೊಳ್ಳುತ್ತದೆ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ತಿಂಗಳು ತಿಂಗಳೂ ಕಡಿದುಹೋಗುವುದನ್ನೇ ಸ್ವಭಾವವಾಗಿ ಉಳ್ಳ ಕಥನಕ್ಕೆ ಇದಕ್ಕಿಂತ ಒಪ್ಪುವ ಪರಿಭಾಷೆ ಯಾವುದಿದೆ? ಫಲ ಹೇಗಿದೆಯೆಂದು ಮೊದಲ ಸಂಚಿಕೆಯಲ್ಲಿ ಹುಡುಕುವುದು ಅವಿವೇಕ. ಬೀಜ ಇದೆಯೇ, ಬಿಂದು ಇದೆಯೇ ಎಂದು ನೋಡಬಹುದು.

ಈ ಅಳತೆಗೋಲನ್ನು ಹಿಡಿದು ಅತ್ಯಂತ ಪ್ರಸಿದ್ಧವಾದ ಮೊದಲ ಸಂಚಿಕೆಗೆ ಹೋಗೋಣ. 1938ರ ಜೂನ್ ತಿಂಗಳ ಹೆಸರಿನಲ್ಲಿ ಹೊರಬಂದ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆ. ಬೆಲೆ ಹತ್ತು ಸೆಂಟು. ಸೂಪರ್‌ಮ್ಯಾನ್ ಎಂಬ ಪಾತ್ರ ಲೋಕಕ್ಕೆ ಕಾಣಿಸಿಕೊಂಡದ್ದು ಇದರಲ್ಲಿ. ಬರೆದವನು ಜೆರ್ರಿ ಸೀಗಲ್, ಚಿತ್ರಿಸಿದವನು ಜೋ ಶುಸ್ಟರ್. ಇಬ್ಬರೂ ಕ್ಲೀವ್‌ಲ್ಯಾಂಡ್ ನಗರದ ಹುಡುಗರಾಗಿ ಒಂದೇ ಶಾಲೆಯಲ್ಲಿ ಓದಿದವರು. ಹಲವು ಕಥೆಗಳಿದ್ದ ಆ ಸಂಚಿಕೆಯಲ್ಲಿ ಇವರದು ಬರೀ ಹದಿಮೂರು ಪುಟ.

ಇಂದು ಸೂಪರ್‌ಮ್ಯಾನ್ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಅನೇಕ ವಿವರಗಳು ಆ ಹದಿಮೂರು ಪುಟಗಳಲ್ಲಿ ಇಲ್ಲ. ಅವನು ಹಾರುವುದಿಲ್ಲ, ನೆಗೆಯುತ್ತಾನೆ. ಅದೂ ಒಂದು ಮೈಲಿಯ ಎಂಟನೆಯ ಒಂದು ಭಾಗದಷ್ಟು. ಅವನು ಹುಟ್ಟಿದ ಗ್ರಹಕ್ಕೆ ಹೆಸರಿಲ್ಲ. ಮುಪ್ಪಿನಿಂದ ಗ್ರಹವೊಂದು ನಾಶವಾಗುತ್ತಿರಲು ವಿಜ್ಞಾನಿಯೊಬ್ಬ ಶಿಶುವನ್ನು ಆಕಾಶನೌಕೆಯಲ್ಲಿ ಇಟ್ಟು ಭೂಮಿಯ ಕಡೆಗೆ ಕಳುಹಿಸಿದ. ದಾರಿಹೋಕನೊಬ್ಬ ಕಂಡು ಅನಾಥಾಲಯಕ್ಕೆ ಒಪ್ಪಿಸಿದ. ಇಷ್ಟನ್ನು ಒಂದೇ ಪುಟದಲ್ಲಿ ಹೇಳಿ ಮುಗಿಸುತ್ತಾರೆ. ಕರ್ಣನ ಪೆಟ್ಟಿಗೆಯನ್ನು ಬಲ್ಲ ನಮಗೆ ಇದು ಅಪರಿಚಿತವಾದ ಸಂಗತಿಯೇನಲ್ಲ. ಆದರೆ ಅಲ್ಲೊಂದು ಹೊಸತು ಉಂಟು. ಈ ಬಲಕ್ಕೆ ವೈಜ್ಞಾನಿಕ ವಿವರಣೆಯೆಂದು ಲೇಖಕ ಇರುವೆಯನ್ನೂ ಮಿಡತೆಯನ್ನೂ ತೋರಿಸುತ್ತಾನೆ: ಇರುವೆ ತನ್ನ ತೂಕದ ನೂರಾರು ಪಾಲು ಹೊರುವುದಿಲ್ಲವೇ, ಮಿಡತೆ ತನ್ನ ಅಳತೆಗೆ ಮೀರಿ ನೆಗೆಯುವುದಿಲ್ಲವೇ ಎಂಬ ವಾದ. ವಿಜ್ಞಾನವಾಗಿ ಇದು ನಿಲ್ಲದು. ಶರೀರ ದೊಡ್ಡದಾದಂತೆ ತೂಕ ಹೆಚ್ಚುವಷ್ಟು ವೇಗದಲ್ಲಿ ಸ್ನಾಯುವಿನ ಬಲ ಹೆಚ್ಚುವುದಿಲ್ಲ. ಮನುಷ್ಯನಷ್ಟು ದೊಡ್ಡ ಇರುವೆ ಎದ್ದು ನಿಲ್ಲುವುದೂ ಕಷ್ಟ. ಆದರೂ ದೇವರ ವರ, ಋಷಿಯ ಶಾಪಗಳನ್ನು ಬಿಟ್ಟು ಇರುವೆಯ ಸಾಕ್ಷ್ಯವನ್ನು ಕರೆದನಲ್ಲ, ಆ ಕ್ಷಣದಲ್ಲಿ ಪುರಾಣವು ವಿಜ್ಞಾನಕಥೆಯ ಅಂಗಳಕ್ಕೆ ಕಾಲಿಟ್ಟಿತು.

ಇನ್ನು ಈ ಮಹಾಬಲಶಾಲಿ ಮಾಡುವ ಕೆಲಸಗಳನ್ನು ನೋಡಬೇಕು. ಮರಣದಂಡನೆಗೆ ಗುರಿಯಾದ ನಿರಪರಾಧಿ ಹೆಂಗಸೊಬ್ಬಳನ್ನು ಉಳಿಸಲು ನಡುರಾತ್ರಿಯಲ್ಲಿ ಗವರ್ನರನ ಮನೆಯ ಬಾಗಿಲು ಮುರಿಯುತ್ತಾನೆ. ಹೆಂಡತಿಯನ್ನು ಹೊಡೆಯುತ್ತಿದ್ದ ಗಂಡನನ್ನು ಗೋಡೆಗೆ ಎಸೆಯುತ್ತಾನೆ. ಲೋಯಿಸ್ ಲೇನ್ ಎಂಬ ಪತ್ರಕರ್ತೆಯನ್ನು ಹೊತ್ತೊಯ್ದ ಪುಂಡರ ಕಾರನ್ನು ಎತ್ತಿ ಬಂಡೆಗೆ ಅಪ್ಪಳಿಸುತ್ತಾನೆ. ಮುಖಪುಟದ ಚಿತ್ರವೂ ಇದೇ. ಕಡೆಗೆ ವಾಷಿಂಗ್ಟನ್ನಿಗೆ ಹೋಗಿ, ದೇಶವನ್ನು ಯುರೋಪಿನ ತಂಟೆಯಲ್ಲಿ ಸಿಕ್ಕಿಸುವ ಮಸೂದೆಯೊಂದಕ್ಕಾಗಿ ಸೆನೆಟರನನ್ನು ಒಲಿಸಿಕೊಂಡ ದಲ್ಲಾಳಿಯನ್ನು ಹಿಡಿದು ನೆಗೆಯುತ್ತಾನೆ. ಕಥೆ ಆ ನೆಗೆತದ ನಡುವೆ ನಿಲ್ಲುತ್ತದೆ. ಇಲ್ಲಿ ಲೋಕವನ್ನು ಆಳಹೊರಟ ಹುಚ್ಚು ವಿಜ್ಞಾನಿಯಿಲ್ಲ, ಅನ್ಯಗ್ರಹದ ರಾಕ್ಷಸನಿಲ್ಲ. ಆರ್ಥಿಕ ಮುಗ್ಗಟ್ಟಿನ ದಶಕದಲ್ಲಿ ಬಡವರ ಮನೆಯಲ್ಲಿ ಬೆಳೆದ ಇಬ್ಬರು ಯುವಕರು, ಅಧಿಕಾರ ಇದ್ದವರು ಮಾಡದ ನ್ಯಾಯವನ್ನು ಮಾಡಿಸಲು ಒಂದು ತೋಳನ್ನು ಕಲ್ಪಿಸಿಕೊಂಡರು. ಬೀಜ ಎಂದರೆ ಇದು. ಹಾರಾಟ, ಗ್ರಹದ ಹೆಸರು, ಮಿಕ್ಕ ಎಲ್ಲ ಅಲಂಕಾರಗಳೂ ಆಮೇಲೆ ಬಂದವು.

ಕುಂದುಗಳೂ ಎದ್ದು ಕಾಣುತ್ತವೆ. ಪತ್ರಿಕೆಗಳಲ್ಲಿ ದಿನಕ್ಕೊಂದು ಸಾಲಾಗಿ ಬರಲೆಂದು ಸಿದ್ಧಪಡಿಸಿ, ವರ್ಷಗಟ್ಟಲೆ ಎಲ್ಲ ಕಡೆಯೂ ತಿರಸ್ಕೃತವಾದ ಚಿತ್ರಗಳನ್ನು ಕತ್ತರಿಸಿ ಪುಟಕ್ಕೆ ಅಂಟಿಸಿದ್ದರಿಂದ ಕಥೆ ನಡುವಿನಿಂದ ಆರಂಭವಾಗುತ್ತದೆ. ಕಟ್ಟಿಹಾಕಿದ ಹೆಂಗಸೊಬ್ಬಳನ್ನು ಹೊತ್ತು ನಾಯಕ ಓಡುತ್ತಿರುತ್ತಾನೆ; ಅವಳು ಯಾರು, ಏಕೆ ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು. ಬಿಟ್ಟುಹೋದ ಪುಟಗಳು ಅಚ್ಚಾದದ್ದು 1939ರಲ್ಲಿ 'ಸೂಪರ್‌ಮ್ಯಾನ್' ಎಂಬ ಹೆಸರಿನ ಬೇರೆ ಪುಸ್ತಕ ಬಂದಾಗ. ಆ ಜೂನಿನಲ್ಲಿ ಕಟ್ಟುನಿಟ್ಟಿನ ವಿಮರ್ಶಕನೊಬ್ಬ ಇದ್ದಿದ್ದರೆ ಬಂಧ ಶಿಥಿಲವಾಗಿದೆ ಎಂದು ಬರೆಯುತ್ತಿದ್ದ; ಅವನ ಮಾತು ಸುಳ್ಳಾಗುತ್ತಿರಲಿಲ್ಲ. ಪ್ರಕಾಶಕರಿಗೂ ತಮ್ಮ ಕೈಗೆ ಬಂದದ್ದು ಏನೆಂದು ತಿಳಿದಿರಲಿಲ್ಲ. ಎರಡನೆಯ ಸಂಚಿಕೆಯಿಂದ ಆರನೆಯದರವರೆಗೆ ಮುಖಪುಟದ ಮೇಲೆ ಸೂಪರ್‌ಮ್ಯಾನ್ ಇಲ್ಲ. ಓದುಗರು ಯಾವ ಕಥೆಗಾಗಿ ಈ ಪತ್ರಿಕೆಯನ್ನು ಕೇಳಿ ಕೊಳ್ಳುತ್ತಿದ್ದಾರೆಂಬುದು ಅರಿವಾದ ಮೇಲೆ ಏಳನೆಯದರಲ್ಲಿ ಅವನು ಮತ್ತೆ ಕಾಣಿಸಿಕೊಂಡ.

ಪ್ರವೇಶದ ಚಮತ್ಕಾರಕ್ಕೆ ನಾನು ಇನ್ನೊಂದು ಸಂಚಿಕೆಯನ್ನು ಮೆಚ್ಚುತ್ತೇನೆ. 1961ರ ನವೆಂಬರ್ ತಿಂಗಳ 'ಫೆಂಟಾಸ್ಟಿಕ್ ಫೋರ್' ಮೊದಲ ಸಂಚಿಕೆ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಇದರ ಕರ್ತೃಗಳು. ನಗರದ ಆಕಾಶದಲ್ಲಿ ಒಂದು ಸಂಕೇತ ಹೊಳೆಯುತ್ತದೆ. ಗೆಳತಿಯೊಡನೆ ಚಹಾ ಕುಡಿಯುತ್ತಿದ್ದ ಯುವತಿ ಕುಳಿತಲ್ಲೇ ಅದೃಶ್ಯಳಾಗುತ್ತಾಳೆ. ಬಟ್ಟೆಯಂಗಡಿಯಲ್ಲಿ ತನ್ನ ಅಳತೆಯ ಉಡುಪು ಸಿಕ್ಕದೆ ಗೊಣಗುತ್ತಿದ್ದ ಭಾರೀ ಆಕೃತಿಯೊಂದು ಮೇಲಂಗಿಯನ್ನು ಕಿತ್ತೆಸೆದು ಬಾಗಿಲು ಒಡೆದು ಹೊರಡುತ್ತದೆ. ಕಾರು ರಿಪೇರಿ ಮಾಡುತ್ತಿದ್ದ ಹುಡುಗ ಉರಿದೆದ್ದು ಕಾರನ್ನೇ ಕರಗಿಸಿಬಿಡುತ್ತಾನೆ. ನಮ್ಮ ಬಯಲಾಟದ ಒಡ್ಡೋಲಗವನ್ನು ಕಂಡವರಿಗೆ ಇದರ ಸೊಗಸು ಥಟ್ಟನೆ ಹಿಡಿಯುತ್ತದೆ. ಪಾತ್ರ ಯಾರೆಂದು ಬಾಯಲ್ಲಿ ಹೇಳುವ ಮೊದಲು ಹೆಜ್ಜೆಯಲ್ಲಿ ಹೇಳುವುದು ಅಲ್ಲಿಯ ಕ್ರಮ, ಇಲ್ಲಿಯೂ ಅದೇ.

ಬಳಿಕ ಹಿನ್ನೋಟದಲ್ಲಿ ಕಾರಣ ತಿಳಿಯುತ್ತದೆ. ಗಗಾರಿನ್ ಆಕಾಶಕ್ಕೆ ಹೋಗಿ ಬಂದದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಕಮ್ಯುನಿಸ್ಟರಿಗಿಂತ ಹಿಂದೆ ಬೀಳಬಾರದೆಂದು ಈ ನಾಲ್ವರು ರಾತ್ರಿ ಕದ್ದು ರಾಕೆಟ್ ಹತ್ತುತ್ತಾರೆ. ವಿಶ್ವಕಿರಣಗಳ ಅಪಾಯವನ್ನು ಅರಿತಿದ್ದ ಚಾಲಕ ಬೇಡವೆನ್ನುತ್ತಾನೆ. ಅವನನ್ನು ಹೇಡಿಯೆಂದು ಹಂಗಿಸಿ ಹೊರಡಿಸುತ್ತಾರೆ. ಕಿರಣಗಳು ತಾಗಿ ಕಲ್ಲುಬಂಡೆಯಂಥ ವಿಕಾರರೂಪಕ್ಕೆ ತಿರುಗುವವನು ಅವನೇ. ಬೇಡವೆಂದವನಿಗೆ ಹೆಚ್ಚಿನ ಶಿಕ್ಷೆ! ಈ ಒಂದು ಅನ್ಯಾಯವೇ ಆ ಮಾಲೆಯ ಬಿಂದು. ಉಳಿದ ಮೂವರಿಗೆ ವರವಾದದ್ದು ಅವನಿಗೆ ಶಾಪ. ಸಂಚಿಕೆಗಳುದ್ದಕ್ಕೂ ಆ ಜಗಳ ಮುಗಿಯುವುದಿಲ್ಲ, ಮುಗಿಯದಿರುವುದರಿಂದಲೇ ಕಥೆ ಕಡಿಯುವುದಿಲ್ಲ. ಸಂಚಿಕೆಯ ಉತ್ತರಾರ್ಧದಲ್ಲಿ ಬರುವ ಪಾತಾಳದ ಖಳನ ವೃತ್ತಾಂತ ನನಗೆ ಸಪ್ಪೆಯೆನಿಸಿತು. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ. ಒಂದು ವಿಷಯ ಮಾತ್ರ ಹೇಳಬೇಕು: ಇವರಿಗೆ ಮೊದಲ ಎರಡು ಸಂಚಿಕೆಗಳಲ್ಲಿ ವೇಷವೇ ಇಲ್ಲ. ವೀರರ ಸಮವಸ್ತ್ರ ಬಂದದ್ದು ಮೂರನೆಯದರಲ್ಲಿ.

ಇದೇ ಪ್ರಕಾಶನದ 'ಹಲ್ಕ್' ಇನ್ನೂ ವಿಚಿತ್ರ. 1962ರ ಮೊದಲ ಸಂಚಿಕೆಯಲ್ಲಿ ಅವನ ಮೈ ಬೂದು ಬಣ್ಣ. ಆ ಬೂದು ಅಚ್ಚಿನಲ್ಲಿ ಪುಟಕ್ಕೊಂದು ತೆರನಾಗಿ ಬಂದದ್ದರಿಂದ ಎರಡನೆಯ ಸಂಚಿಕೆಯಲ್ಲಿ ಹಸಿರಾದ, ಇಂದಿಗೂ ಹಸಿರೇ. ಮುದ್ರಣಾಲಯ ಪಾತ್ರವನ್ನು ತಿದ್ದಿದ ನಿದರ್ಶನ ಇದು. ಕೋಪ ಬಂದಾಗ ಅವನು ರಾಕ್ಷಸನಾಗುತ್ತಾನೆಂದು ಈಗ ಮಕ್ಕಳಿಗೂ ಗೊತ್ತು. ಮೊದಲಲ್ಲಿ ಹಾಗಿರಲಿಲ್ಲ, ಕತ್ತಲಾದರೆ ರೂಪ ಬದಲಾಗುತ್ತಿತ್ತು. ಸಂಚಿಕೆಯಿಂದ ಸಂಚಿಕೆಗೆ ನಿಯಮ ಬದಲಾಗುತ್ತಾ, ಆರನೆಯದಕ್ಕೆ ಮಾಲೆಯೇ ನಿಂತಿತು. ಬೀಜ ಬಲವಾಗಿಯೇ ಇತ್ತು. ಬಿಂದು ಇನ್ನೂ ಕೂಡಿಬಂದಿರಲಿಲ್ಲ. ಅನಂತರ ಬೇರೆ ಪತ್ರಿಕೆಗಳ ಆಸರೆಯಲ್ಲಿ ಅವನು ಮರುಜೀವ ಪಡೆದ.

ಈ ಗುಂಪಿನಲ್ಲೆಲ್ಲ ಕಲೆಯ ದೃಷ್ಟಿಯಿಂದ ಮೇಲಾದದ್ದು ಹನ್ನೊಂದೇ ಪುಟದ ಒಂದು ಕಥೆ ಎಂದು ನನಗೆ ತೋರುತ್ತದೆ. 1962ರ ಆಗಸ್ಟ್ ತಿಂಗಳ 'ಅಮೇಜಿಂಗ್ ಫ್ಯಾಂಟಸಿ' 15ನೆಯ ಸಂಚಿಕೆಯಲ್ಲಿ ಬಂದ ಸ್ಪೈಡರ್‌ಮ್ಯಾನ್ ಕಥೆ. ಬರೆದವರು ಲೀ, ಚಿತ್ರಿಸಿದವರು ಸ್ಟೀವ್ ಡಿಟ್ಕೋ. ಆ ಪತ್ರಿಕೆಗೆ ಅದೇ ಕೊನೆಯ ಸಂಚಿಕೆ. ಮುಚ್ಚುವ ಅಂಗಡಿಯ ಕೊನೆಯ ದಿನದ ಸರಕಾಗಿ ಬಂದದ್ದು ಆ ಪ್ರಕಾಶನದ ಅತ್ಯಂತ ಜನಪ್ರಿಯ ಪಾತ್ರವಾಯಿತು.

ತಂದೆತಾಯಿಗಳಿಲ್ಲದ, ಚಿಕ್ಕಪ್ಪ ಚಿಕ್ಕಮ್ಮಂದಿರ ಆಶ್ರಯದಲ್ಲಿ ಬೆಳೆದ, ಸಹಪಾಠಿಗಳು ಹೀಯಾಳಿಸುವ ಪೀಟರ್ ಪಾರ್ಕರ್ ಎಂಬ ವಿದ್ಯಾರ್ಥಿಯನ್ನು ವಿಕಿರಣ ತಗುಲಿದ ಜೇಡವೊಂದು ಕಚ್ಚುತ್ತದೆ. ಬಂದ ಶಕ್ತಿಯನ್ನು ಅವನು ಏನು ಮಾಡಿದ? ಕುಸ್ತಿಯ ಪಣದ ಹಣ ಗೆದ್ದ, ಟೆಲಿವಿಷನ್ನಿನಲ್ಲಿ ಕುಣಿದ. ಹೆಸರು ಬಂತು. ಆ ಗುಂಗಿನಲ್ಲಿ ಇದ್ದಾಗ ಕಳ್ಳನೊಬ್ಬ ಅವನ ಮುಂದೆಯೇ ಓಡಿಹೋದ. ಪೊಲೀಸಿನವನು ತಡೆಯೆಂದು ಕೂಗಿದ. ತನಗೇಕೆಂದು ಇವನು ಸುಮ್ಮನಿದ್ದ. ಕೆಲವು ದಿನಗಳ ಮೇಲೆ ಚಿಕ್ಕಪ್ಪ ಕೊಲೆಯಾದ. ಕೊಲೆಗಾರನನ್ನು ಬೆನ್ನಟ್ಟಿ ಹಿಡಿದು ಮುಖ ನೋಡಿದರೆ ಅದೇ ಕಳ್ಳ. ಅಷ್ಟೇ ಕಥೆ. ಶಕ್ತಿಯ ಜೊತೆಗೆ ಹೊಣೆಯೂ ಬರಬೇಕೆಂಬ, ಈಗ ಗಾದೆಯಂತಾಗಿರುವ ಆ ಮಾತು ಚಿಕ್ಕಪ್ಪನ ಬಾಯಿಂದ ಬಂದುದೆಂದು ಬಹುಮಂದಿ ನಂಬಿದ್ದಾರೆ. ಮೂಲದಲ್ಲಿ ಹಾಗಿಲ್ಲ. ಕೊನೆಯ ಚೌಕದಲ್ಲಿ, ಕತ್ತಲ ಬೀದಿಯಲ್ಲಿ ಹುಡುಗ ಒಬ್ಬನೇ ನಡೆದುಹೋಗುವಾಗ, ಅದು ನಿರೂಪಕನ ಮಾತಾಗಿ ಬರುತ್ತದೆ. ಹಿರಿಯರ ಉಪದೇಶವಾಗಿದ್ದರೆ ಅದು ನೀತಿಪಾಠವಾಗುತ್ತಿತ್ತು. ಹೇಳುವವರು ಯಾರೂ ಇಲ್ಲದಾಗ, ಕಾಲ ಮಿಂಚಿದ ಮೇಲೆ, ಅದು ಕರುಣಕ್ಕೆ ಸೇರುತ್ತದೆ. ಅತಿಮಾನುಷನ ಜನ್ಮವೃತ್ತಾಂತದಲ್ಲಿ ಶಕ್ತಿ ಬಂದ ಗಳಿಗೆಗಿಂತ ತಪ್ಪು ಮಾಡಿದ ಗಳಿಗೆ ಮುಖ್ಯವಾದದ್ದು ಇಲ್ಲಿ.

1963ರ ಮಾರ್ಚ್ ತಿಂಗಳಲ್ಲಿ ಅವನದೇ ಹೆಸರಿನ ಮಾಲೆಯ ಮೊದಲ ಸಂಚಿಕೆ ಬಂತು. ಅದರಲ್ಲಿ ನನ್ನನ್ನು ಬಹಳ ನಗಿಸಿದ ಪ್ರಸಂಗವೊಂದಿದೆ. ದುಡಿಯುತ್ತಿದ್ದ ಚಿಕ್ಕಪ್ಪನಿಲ್ಲ, ಮನೆಯಲ್ಲಿ ಹಣವಿಲ್ಲ, ಚಿಕ್ಕಮ್ಮ ಒಡವೆ ಒತ್ತೆಯಿಡುತ್ತಾಳೆ. ಹುಡುಗ ವೇಷ ಧರಿಸಿ ಪ್ರದರ್ಶನ ಕೊಟ್ಟು ಒಂದು ಚೆಕ್ಕು ಸಂಪಾದಿಸುತ್ತಾನೆ. ಚೆಕ್ಕು ಸ್ಪೈಡರ್‌ಮ್ಯಾನ್ ಹೆಸರಿಗೆ. ಬ್ಯಾಂಕಿನ ಗುಮಾಸ್ತ ಗುರುತಿನ ದಾಖಲೆ ಕೇಳುತ್ತಾನೆ. ಗೋಡೆ ಹತ್ತಬಲ್ಲವನು ಬ್ಯಾಂಕಿನ ಕೌಂಟರ್ ದಾಟಲಾರ! ಅದೇ ಸಂಚಿಕೆಯಲ್ಲಿ ಅವನು 'ಫೆಂಟಾಸ್ಟಿಕ್ ಫೋರ್' ಕೂಟದಲ್ಲಿ ನೌಕರಿ ಕೇಳಲು ಹೋಗಿ, ಅಲ್ಲಿ ಸಂಬಳವಿಲ್ಲವೆಂದು ತಿಳಿದು ಹಿಂದಿರುಗುತ್ತಾನೆ. ಪತ್ರಿಕಾ ಸಂಪಾದಕನ ಮಗನಾದ ಗಗನಯಾತ್ರಿಯ ಪ್ರಾಣ ಉಳಿಸಿದರೂ ಮಾರನೆಯ ದಿನ ಅದೇ ಸಂಪಾದಕ ಇವನನ್ನೇ ದೂರುತ್ತಾನೆ. ಬಾಡಿಗೆ, ಚೆಕ್ಕು, ಅಪವಾದ: ಮುಂದಿನ ಅರವತ್ತು ವರ್ಷಗಳ ಕಥೆಗೆ ಬೇಕಾದ ಬಿಂದುಗಳೆಲ್ಲ ಈ ಮೊದಲ ಸಂಚಿಕೆಯಲ್ಲಿವೆ.

ವಿಜ್ಞಾನಕಥೆಯ ಮಾಲೆಗಳಿಗೆ ಬರುತ್ತೇನೆ. ಇಲ್ಲಿ ವಿಮರ್ಶಕ ಇನ್ನೊಂದನ್ನು ಕೇಳಬೇಕು: ಈ ಭವಿಷ್ಯ ಯಾವ ವರ್ತಮಾನದಿಂದ ಹುಟ್ಟಿತು? ಬ್ರಿಟನ್ನಿನ 'ಈಗಲ್' ವಾರಪತ್ರಿಕೆಯ ಮೊದಲ ಸಂಚಿಕೆ 1950ರ ಏಪ್ರಿಲ್ 14ರಂದು ಹೊರಬಂತು. ಫ್ರ್ಯಾಂಕ್ ಹ್ಯಾಂಪ್ಸನ್ ಚಿತ್ರಿಸಿದ ಡ್ಯಾನ್ ಡೇರ್ ಎಂಬ ಗಗನನಾವಿಕನ ಮೊದಲ ಸಾಹಸ ಅದರ ಮುಖಪುಟದಲ್ಲೇ ತೊಡಗುತ್ತದೆ. ಭೂಮಿಯಲ್ಲಿ ಆಹಾರ ಸಾಲದು. ಶುಕ್ರಗ್ರಹದಲ್ಲಿ ಸಿಕ್ಕೀತೇ ಎಂದು ನೌಕೆಗಳು ಹೊರಡುತ್ತವೆ. ಅದನ್ನು ಓದಿದ ಮಕ್ಕಳ ಮನೆಗಳಲ್ಲಿ ಆಗ ರೇಷನ್ ಪುಸ್ತಕವಿತ್ತು. ಮಹಾಯುದ್ಧದ ಕಾಲದ ಆ ಪಡಿತರ ಬ್ರಿಟನ್ನಿನಲ್ಲಿ ಪೂರ್ತಿ ತೊಲಗಿದ್ದು 1954ರಲ್ಲಿ. ಶುಕ್ರಯಾನದ ಕಥೆ ಹೀಗೆ ಅಡುಗೆಮನೆಯ ಕಥೆಯೂ ಆಯಿತು.

ಇಪ್ಪತ್ತೇಳು ವರ್ಷ ಕಳೆದು, 1977ರ ಫೆಬ್ರವರಿ 26ರ ದಿನಾಂಕ ಹೊತ್ತು '2000 ಎ.ಡಿ.' ಎಂಬ ಇನ್ನೊಂದು ಬ್ರಿಟಿಷ್ ವಾರಪತ್ರಿಕೆ ಬಂತು. ಪ್ಯಾಟ್ ಮಿಲ್ಸ್ ಅದನ್ನು ರೂಪಿಸಿದ ಸಂಪಾದಕ. ಅದರ ಮೊದಲ ಸಂಚಿಕೆಯ 'ಫ್ಲೆಶ್' ಎಂಬ ಕಥೆಯಲ್ಲಿ ಭವಿಷ್ಯದ ಮನುಷ್ಯರು ಕಾಲಯಾನ ಮಾಡಿ ಡೈನೋಸಾರುಗಳ ಯುಗಕ್ಕೆ ಹೋಗಿ, ಅವುಗಳನ್ನು ದನದಂತೆ ಅಟ್ಟಿ, ಕಡಿದು, ಮಾಂಸವನ್ನು ತಮ್ಮ ಕಾಲಕ್ಕೆ ರವಾನಿಸುತ್ತಾರೆ. 1950ರ ಕಥೆಯಲ್ಲಿಯೂ ಹಸಿವು, 1977ರ ಕಥೆಯಲ್ಲಿಯೂ ಹಸಿವು. ಮೊದಲನೆಯದರಲ್ಲಿ ಅನ್ನಕ್ಕಾಗಿ ಸಾಹಸ; ಎರಡನೆಯದರಲ್ಲಿ ಹೊಟ್ಟೆಬಾಕತನ, ಕಸಾಯಿಖಾನೆ, ಕಂಪೆನಿ. ಈ ಎರಡು ಮೊದಲ ಸಂಚಿಕೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದು ದೇಶದ ಮನಸ್ಸು ಎತ್ತ ಹೊರಳಿತೆಂಬುದು ಇತಿಹಾಸದ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಆ ಪತ್ರಿಕೆಗೆ ಹೆಸರು ತಂದ 'ಜಡ್ಜ್ ಡ್ರೆಡ್' ಬಂದದ್ದು ಎರಡನೆಯ ಸಂಚಿಕೆಯಲ್ಲಿ. ಜಾನ್ ವ್ಯಾಗ್ನರ್ ಮತ್ತು ಕಾರ್ಲೋಸ್ ಎಸ್ಕ್ವೆರಾ ಕಲ್ಪಿಸಿದ ಈ ಪಾತ್ರ ಭವಿಷ್ಯದ ಮಹಾನಗರವೊಂದರಲ್ಲಿ ಪೊಲೀಸನೂ ಹೌದು, ನ್ಯಾಯಾಧೀಶನೂ ಹೌದು, ಕೊಲೆಗಾರನೂ ಹೌದು. ಮುಖವನ್ನು ಶಿರಸ್ತ್ರಾಣ ಮರೆಮಾಡಿರುತ್ತದೆ. ಆರಂಭದ ಕಥೆಗಳನ್ನು ಓದುವ ವಿಮರ್ಶಕನಿಗೆ ಇಲ್ಲಿ ನಿಜವಾದ ಪರೀಕ್ಷೆ. ಇದು ಅಂಥ ಅಧಿಕಾರದ ಸ್ತುತಿಯೇ, ನಿಂದೆಯೇ? ಐದಾರು ಪುಟಗಳ ಒಂದು ಕಂತಿನಲ್ಲಿ ವಾಚ್ಯಾರ್ಥ ಮಾತ್ರ ಕೈಗೆ ಸಿಕ್ಕುತ್ತದೆ. ವ್ಯಂಗ್ಯ ಧ್ವನಿಸಬೇಕಾದರೆ ಸಂಚಿಕೆಗಳು ಕೂಡಬೇಕು. ಆ ಪಾತ್ರವನ್ನು ಬರಿಯ ವೀರನೆಂದು ಮೆಚ್ಚಿದವರು ಈಗಲೂ ಇದ್ದಾರೆ. 2000ದ ಇಸವಿಯವರೆಗೆ ಬಾಳದೆಂದು ಎಣಿಸಿ ಇಟ್ಟ ಹೆಸರಿನ ಆ ಪತ್ರಿಕೆ ಇಂದಿಗೂ ಬರುತ್ತಿದೆ.

ನಡುವೆ ಒಂದು ತಮಾಷೆ. ಮೊದಲ ಸಂಚಿಕೆ ಎಂದರೆ ಒಂದನೆಯ ಸಂಖ್ಯೆಯೇ ಆಗಬೇಕೆಂದಿಲ್ಲ. 1950ರಲ್ಲಿ ಅಮೆರಿಕದ ಈಸೀ ಎಂಬ ಪ್ರಕಾಶನ ಹೊರತಂದ 'ವಿಯರ್ಡ್ ಸೈನ್ಸ್' ಎಂಬ ವಿಜ್ಞಾನಕಥಾ ಪತ್ರಿಕೆಯ ಮೊದಲ ಸಂಚಿಕೆಯ ಮೇಲೆ 12 ಎಂದಿದೆ. ಹೊಸ ಪತ್ರಿಕೆಯೆಂದರೆ ಅಂಚೆಯ ರಿಯಾಯಿತಿ ಪರವಾನಗಿಗೆ ಹೊಸದಾಗಿ ಹಣ ಕಟ್ಟಬೇಕು. ಆದ್ದರಿಂದ ನಿಂತುಹೋದ ಪ್ರೇಮಕಥಾ ಪತ್ರಿಕೆಯೊಂದರ ಸಂಖ್ಯೆಯನ್ನೇ ಮುಂದುವರಿಸಿದರು. ಆಗ ಒಂದು ಎಂಬ ಅಂಕಿಯನ್ನು ಮರೆಮಾಚುವುದರಲ್ಲಿ ಲಾಭವಿತ್ತು.

ನಲವತ್ತು ವರ್ಷಗಳಲ್ಲಿ ಕಾಲ ಪೂರಾ ತಿರುಗಿತು. 1991ರಲ್ಲಿ 'ಎಕ್ಸ್‌-ಮೆನ್' ಹೆಸರಿನ ಹೊಸ ಮಾಲೆಯ ಒಂದನೆಯ ಸಂಚಿಕೆಯನ್ನು ಐದು ಬೇರೆ ಬೇರೆ ಮುಖಪುಟಗಳೊಡನೆ ಅಚ್ಚುಹಾಕಿದರು. ಅಂಗಡಿಗಳು 80 ಲಕ್ಷಕ್ಕೂ ಮೀರಿ ಪ್ರತಿಗಳನ್ನು ಕೊಂಡವು. ಅಷ್ಟು ಮಂದಿ ಓದುಗರು ಇದ್ದರೆಂದು ಇದರ ಅರ್ಥವಲ್ಲ. ಮುಂದೆ ಬೆಲೆ ಏರೀತೆಂಬ ಆಸೆಯಿಂದ ಒಬ್ಬೊಬ್ಬನೂ ಐದೈದು ಕೊಂಡು ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಟ್ಟ. ಎಲ್ಲರೂ ಮುಚ್ಚಿಟ್ಟ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಕೆಲವೇ ವರ್ಷಗಳಲ್ಲಿ ಪೇಟೆ ಕುಸಿಯಿತು, ಅಂಗಡಿಗಳು ಮುಚ್ಚಿದವು, ಪ್ರಕಾಶಕರಾದ ಮಾರ್ವೆಲ್ ಸಂಸ್ಥೆಯೇ 1996ರ ಕೊನೆಗೆ ದಿವಾಳಿಯ ಅರ್ಜಿ ಹಾಕಿತು. ಓದದೆ ಕೊಳ್ಳುವವರ ನಡುವೆ ವಿಮರ್ಶಕನಿಗೆ ಏನು ಕೆಲಸ? ನನ್ನ ಮಟ್ಟಿಗೆ, ಆ ದಶಕದಲ್ಲಿ ಮೊದಲ ಸಂಚಿಕೆಯನ್ನು ಚೀಲದಿಂದ ತೆಗೆದು ಓದಿ, ಇದರಲ್ಲಿ ಕಥೆ ಇಷ್ಟೇ ಇದೆ ಎಂದು ಬರೆದವನು ಪುಣ್ಯದ ಕೆಲಸ ಮಾಡಿದ.

ನಮ್ಮವರಿಗೆ ಈ ಆರಂಭದ ರುಚಿ ಅಷ್ಟಾಗಿ ಸಿಕ್ಕಲಿಲ್ಲ. 1964ರ ಮಾರ್ಚಿನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಆರಂಭಿಸಿದ 'ಇಂದ್ರಜಾಲ' ಮಾಲೆಯಲ್ಲಿ ಫ್ಯಾಂಟಮ್ ಬಂದ; ಕಾಲಾಂತರದಲ್ಲಿ ಕನ್ನಡಕ್ಕೂ ಬಂದ. ಆದರೆ ಲೀ ಫಾಕ್ ಆ ಪಾತ್ರವನ್ನು ಆರಂಭಿಸಿದ್ದು 1936ರಲ್ಲಿ. ನಮ್ಮ ಕೈ ಸೇರುವ ವೇಳೆಗೆ ಅವನು ಪಳಗಿದ, ನೆಲೆನಿಂತ ಪಾತ್ರ; ಅವನ ಕಾಡಿನ ಹೆಸರನ್ನು ಮಾತ್ರ ನಮ್ಮ ಬಂಗಾಳದ ನೆನಪು ಬಾರದಂತೆ ಡೆಂಕಾಲಿ ಎಂದು ತಿದ್ದಿದ್ದರು. ತಡವರಿಸುತ್ತ ಹೆಜ್ಜೆಯಿಡುವ ಎಳೆಯ ಸಂಚಿಕೆಯನ್ನು ಬಿಸಿಬಿಸಿಯಾಗಿ ಓದಿ, ಇದು ಬಾಳೀತೇ ಎಂದು ಕಾತರಪಡುವ ಅವಕಾಶ ನಮಗೆ ಒದಗಲಿಲ್ಲ.

ಇತ್ತೀಚಿನವುಗಳಲ್ಲಿ ಎರಡನ್ನು ಹೆಸರಿಸುತ್ತೇನೆ. 2012ರ ಮಾರ್ಚಿನಲ್ಲಿ ಬಂದ 'ಸಾಗಾ' ಮೊದಲ ಸಂಚಿಕೆ, ಬ್ರಯಾನ್ ಕೆ. ವಾನ್ ಮತ್ತು ಫಿಯೋನಾ ಸ್ಟೇಪಲ್ಸ್ ಅವರ ಕೃತಿ. ಒಂದು ಗ್ರಹದ ರೆಕ್ಕೆಯವರಿಗೂ ಅದರ ಉಪಗ್ರಹದ ಕೊಂಬಿನವರಿಗೂ ಮುಗಿಯದ ಯುದ್ಧ. ಶತ್ರುಸೇನೆಗಳನ್ನು ಬಿಟ್ಟು ಓಡಿಬಂದ ಗಂಡುಹೆಣ್ಣಿಗೆ ಮಗು ಹುಟ್ಟುತ್ತದೆ. ಕಥೆಯ ಆರಂಭವೇ ಹೆರಿಗೆಯ ನೋವಿನಲ್ಲಿ. ಕಥೆ ಹೇಳುವವಳು ಆ ಕೂಸೇ, ದೊಡ್ಡವಳಾದ ಮೇಲೆ. ಎಂದರೆ, ಇಷ್ಟೆಲ್ಲ ಅಪಾಯಗಳ ನಡುವೆಯೂ ಮಗು ಉಳಿಯುತ್ತದೆಂದು ಮೊದಲ ಪುಟದಲ್ಲಿಯೇ ತಿಳಿಯಿತು. ಉಳಿದವರ ಗತಿ? ಅದು ಬಿಂದು. ಹೀಗೆ ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಬಚ್ಚಿಟ್ಟ ಕೌಶಲ ನನ್ನ ಮೆಚ್ಚಿಗೆಗೆ ಪಾತ್ರವಾಯಿತು. ಭಾಷೆ ಅಲ್ಲಲ್ಲಿ ಒರಟು, ಹಿರಿಯರೆದುರು ಓದುವಂಥದಲ್ಲ.

ಇನ್ನೊಂದು 2014ರ 'ಮಿಸ್ ಮಾರ್ವೆಲ್', ಜಿ. ವಿಲೋ ವಿಲ್ಸನ್ ಬರೆದದ್ದು, ಏಡ್ರಿಯನ್ ಅಲ್ಫೋನಾ ಚಿತ್ರಿಸಿದ್ದು. ಜೆರ್ಸಿ ಸಿಟಿಯಲ್ಲಿ ಬೆಳೆದ ಪಾಕಿಸ್ತಾನಿ ಮೂಲದ ಹುಡುಗಿ ಕಮಲಾ ಖಾನ್ ಮೊದಲು ಕಾಣಿಸಿಕೊಳ್ಳುವುದು ಅಂಗಡಿಯಲ್ಲಿ ನಿಂತು, ತಾನು ತಿನ್ನಬಾರದ ಹಂದಿಮಾಂಸದ ತಿಂಡಿಯನ್ನು ಬರೀ ಮೂಸುತ್ತ. ಒಂದೇ ಚಿತ್ರದಲ್ಲಿ ಆ ಪಾತ್ರದ ಒಳತೋಟಿಯೆಲ್ಲ ಬಂದುಬಿಟ್ಟಿತು. ಶಕ್ತಿ ಬಂದೊಡನೆ ಅವಳು ತಾನಾಗಿ ಬೆಳಗುವುದಿಲ್ಲ. ತಾನು ಆರಾಧಿಸುತ್ತಿದ್ದ ಹೊಂಗೂದಲ ಬಿಳಿಯ ವೀರಾಂಗನೆಯ ರೂಪಕ್ಕೆ ತಿರುಗುತ್ತಾಳೆ, ಅಲ್ಲಿಗೆ ಸಂಚಿಕೆ ನಿಲ್ಲುತ್ತದೆ. ಹೊರದೇಶಗಳಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳಿಗೆ ಈ ರೂಪಾಂತರವನ್ನು ಯಾರೂ ವಿವರಿಸಬೇಕಾಗಿಲ್ಲ.

ಇನ್ನು ಒಂದು ಮಾತು ಉಳಿದಿದೆ. ಮೊದಲ ಸಂಚಿಕೆಯನ್ನು ಕೈಗೆತ್ತಿಕೊಂಡ ವಿಮರ್ಶಕ ಚಿತ್ರ ನೋಡುವ ಮೊದಲು ಅದರಲ್ಲಿ ಯಾರ ಹೆಸರು ಅಚ್ಚಾಗಿದೆ, ಯಾರ ಹೆಸರು ಆಗಿಲ್ಲ ಎಂದು ನೋಡಬೇಕೆಂಬುದು ನನ್ನ ಆಗ್ರಹ. ಸೀಗಲ್ ಮತ್ತು ಶುಸ್ಟರ್ ಸೂಪರ್‌ಮ್ಯಾನ್ ಮೇಲಿನ ಎಲ್ಲ ಹಕ್ಕನ್ನೂ 1938ರಲ್ಲಿ 130 ಡಾಲರಿಗೆ ಬರೆದುಕೊಟ್ಟರು. ಸಂಚಿಕೆ ಹೊರಬರುವ ಮೊದಲೇ ಬೀಜ ಬೇರೆಯವರ ಕಣಜ ಸೇರಿತ್ತು. ಕೋಟಿಗಟ್ಟಲೆ ಸಂಪಾದಿಸಿದ ಪಾತ್ರದ ಜನಕರು ಮುಪ್ಪಿನಲ್ಲಿ ಬಡತನ ಕಂಡರು. ಅವರ ಪರವಾಗಿ ಕೂಗು ಎದ್ದ ಮೇಲೆ, 1975ರಲ್ಲಿ, ಒಬ್ಬೊಬ್ಬರಿಗೆ ವರ್ಷಕ್ಕೆ 20,000 ಡಾಲರಿನ ವೇತನವನ್ನೂ ಕೃತಿಯ ಮೇಲೆ ಹೆಸರನ್ನೂ ಕೊಡಲು ಕಂಪೆನಿ ಒಪ್ಪಿತು.

ಬ್ಯಾಟ್‌ಮ್ಯಾನ್ ವಿಷಯ ಇನ್ನೂ ಖೇದಕರ. 1939ರ ಮೇ ತಿಂಗಳ 'ಡಿಟೆಕ್ಟಿವ್ ಕಾಮಿಕ್ಸ್' 27ನೆಯ ಸಂಚಿಕೆಯಲ್ಲಿ ಆರು ಪುಟಗಳ ಕಥೆಯಾಗಿ ಅವನು ಬಂದ. ಜನ್ಮವೃತ್ತಾಂತವಿಲ್ಲ, ಅದು ಬಂದದ್ದು ಅದೇ ವರ್ಷ, 33ನೆಯದರಲ್ಲಿ. ಬೇಸರದಿಂದ ಆಕಳಿಸುವ ಸಿರಿವಂತ ಯುವಕನೇ ಆ ಮುಸುಕಿನವನೆಂದು ಕೊನೆಯ ಚೌಕದಲ್ಲಿ ತೋರಿಸಿ ಮುಗಿಸುತ್ತಾರೆ. ಅಚ್ಚಾದ ಹೆಸರು ಬಾಬ್ ಕೇನ್ ಎಂಬ ಚಿತ್ರಕಾರನದು. ಆ ಕಥೆಯನ್ನು ಬರೆದವನು, ಪಾತ್ರದ ವೇಷವನ್ನು ತಿದ್ದಿ ಕರಾಳವಾಗಿಸಿದವನು ಬಿಲ್ ಫಿಂಗರ್. ಬ್ಯಾಟ್‌ಮ್ಯಾನ್ ಸೃಷ್ಟಿಯಲ್ಲಿ ಫಿಂಗರ್ ಪಾಲುದಾರನೆಂದು ಪ್ರಕಾಶಕರು ಅಧಿಕೃತವಾಗಿ ಹೆಸರು ಹಾಕತೊಡಗಿದ್ದು 2015ರಲ್ಲಿ. ಅವನು ತೀರಿಕೊಂಡದ್ದು 1974ರಲ್ಲಿ.